ಕೆನಾಲ್ ದಂಡೆಗೆ ನೀರು ಹೊಡೆಸಿದ ದಿನ

ಟಯರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ಹೋಗುವಷ್ಟೇ ಜಾಗವಿತ್ತು. ಅದರೊಳಗೆ ಎರೆಮಣ್ಣು ಹೊಕ್ಕು, ಹುಲ್ಲಿನ ಎಳೆಗಳ ಸಮೇತ ಬಿಗಿದುಕೊಂಡು, ಚಕ್ರ ಅಲುಗದಂತಾಗಿತ್ತು. ಜಾಲಿಯ ಕಡ್ಡಿಯಿಂದ ಅದನ್ನು ಕೆರೆಯುತ್ತ ಕೂತವಳು ಫ್ರಾನ್ಸಿನ ಒಬ್ಬ ನಿವೃತ್ತ ಶಿಕ್ಷಕಿ. ಪಕ್ಕದಲ್ಲಿ ತಲೆಗೆ ಕೇಸರಿ ಫೇಟಾ ಸುತ್ತಿಸಿಕೊಂಡು, ಕೊರಳಿಗೆ ಎರಡು ಚೆಂಡುಹೂವಿನ ಹಾರ ಹಾಕಿಸಿಕೊಂಡು ಪೆಚ್ಚಾಗಿ ನಿಂತವನು ಅವಳ ಗಂಡ. ಸುತ್ತಲೂ ನಮ್ಮ ಊರಿನ ಇಪ್ಪತ್ತು ಜನ ಪ್ರತಿಷ್ಠಿತರು. ಆ ದಾರಿಯನ್ನು ಕೆಸರು ಮಾಡಿದವರು ಅವರೇ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಧಾರವಾಡದಲ್ಲಿ ಭೂಗೋಳದ ಎಂ.ಎ. ಮುಗಿಸಿ ರಾಯಬಾಗ ತಾಲೂಕಿನ ನಮ್ಮ ಊರಿಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ತೊಗರಿಬೇಳೆ ಆರಿಸಿದ್ದು. ನಂತರ ಏಳು ಕಿಲೋಮೀಟರ್ ಆಚೆಯ ಊರಿನ ಜೂನಿಯರ್ ಕಾಲೇಜಿನಿಂದ ತಾತ್ಕಾಲಿಕ ಉಪನ್ಯಾಸಕಿಯ ಹುದ್ದೆಗೆ ಆದೇಶ ಬಂತು. ವಾರದೊಳಗೆ ಹಾಜರಾಗಬೇಕು, ಇಲ್ಲವಾದರೆ ಹುದ್ದೆ ಬೇರೆಯವರಿಗೆ. ಮೊದಲ ಪಾಠ ಎಂಟು ಗಂಟೆಗೆ. ಬಸ್ಸು ರಾಯಬಾಗ ಸುತ್ತಿ ಹೋಗುತ್ತಿದ್ದುದರಿಂದ ಅಲ್ಲಿಗೆ ಮುಟ್ಟುವಾಗ ಒಂಬತ್ತೂವರೆ. ನೇರ ದಾರಿ ಇದ್ದದ್ದು ಒಂದೇ, ಕೆನಾಲಿನ ದಂಡೆ. ಧಾರವಾಡದಲ್ಲಿ ಹಾಸ್ಟೆಲಿನಿಂದ ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತಿದ್ದ ನನ್ನ ಸೈಕಲ್ ಪಡಸಾಲೆಯಲ್ಲಿ ನಿಂತೇ ಇತ್ತು.

ದೊಡ್ಡಪ್ಪ ಬೇಡವೆಂದ. ನಮ್ಮ ಮನೆಯಲ್ಲಿ ಅಪ್ಪನ ಅಭಿಪ್ರಾಯವನ್ನು ಅಪ್ಪನ ಅಣ್ಣ ಹೇಳುವುದು ರೂಢಿ.

“ನೌಕರಿಗೆ ನಾ ಬ್ಯಾಡ ಅನ್ನೂದಿಲ್ಲ. ಆದ್ರ ಆ ದಂಡಿ ಮ್ಯಾಲ ಒಂದ ನರಪಿಳ್ಳಿ ಇರೂದಿಲ್ಲ. ಗಂಡಸರ ಅಂಜತಾರ. ಏನರ ಆದ್ರ ಯಾರು ಜವಾಬ್ದಾರ?”

ಅಪ್ಪ, “ಅಣ್ಣಾ ಅನ್ನೂದೂ ಖರೇ ಐತಿ” ಎಂದ.

ದಂಡೆಯ ಮೇಲೆ ಜನ ಇರದಿದ್ದುದಕ್ಕೆ ಕಾರಣ ದೆವ್ವವೂ ಅಲ್ಲ, ದರೋಡೆಕೋರರೂ ಅಲ್ಲ. ಕೆನಾಲ್ ಬಂದ ಮೇಲೆ ನಮ್ಮ ರೈತರು ಕಬ್ಬಿಗೆ ಹಗಲೂ ರಾತ್ರಿ ನೀರು ಬಿಟ್ಟು, ನೂರಾರು ಎಕರೆ ಎರೆಭೂಮಿಯನ್ನು ಸವಳು ಮಾಡಿಕೊಂಡಿದ್ದರು. ಅಲ್ಲಲ್ಲಿ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಉಳಿದ ಕಡೆ ಮೊಣಕಾಲುಮಟ್ಟದ ನೀರು, ಜೊಂಡು, ಬೆಳ್ಳಕ್ಕಿ. ಬೆಳೆಯೇ ಇಲ್ಲದ ಹೊಲಕ್ಕೆ ಯಾರು ಹೋಗುತ್ತಾರೆ? ಗಾಡಿಗಳಿಂದ ದಂಡೆ ಕುಸಿಯಬಾರದೆಂದು ನೀರಾವರಿಯವರು ಎರಡೂ ತುದಿಗೆ ಕಲ್ಲು ನಿಲ್ಲಿಸಿ ಸರಪಳಿ ಹಾಕಿದ್ದರು. ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ದಾರಿ ಜಿಲ್ಲೆಯಲ್ಲಿ ಇರಲಿಲ್ಲ. ಏರಿಲ್ಲ, ಇಳಿತವಿಲ್ಲ, ಹಾರ್ನ್ ಇಲ್ಲ.

ಆದೇಶ ಬಂದ ಐದನೆಯ ದಿನ ಈ ದಂಪತಿ ಊರಿಗೆ ಬಂದರು. ಗೋವಾದಿಂದ ನಿಪ್ಪಾಣಿ, ಚಿಕ್ಕೋಡಿ ದಾಟಿ ವಿಜಾಪುರಕ್ಕೆ ಸೈಕಲ್ ಮೇಲೆ ಹೊರಟವರು. ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳಿಗೆ ಹೆದರಿ, ಒಂದು ಕಡ್ಡಿ ಮುರಿದ ಚಕ್ರದೊಂದಿಗೆ ಸೈಕಲ್ ಅಂಗಡಿಯ ಮುಂದೆ ನಿಂತಿದ್ದಾಗ ದೊಡ್ಡಪ್ಪ ಅವರನ್ನು ಮನೆಗೆ ಹಿಡಿದು ತಂದ. ಅವರಿಗೆ ಬರುತ್ತಿದ್ದ ಇಂಗ್ಲಿಷು ‘ಥ್ಯಾಂಕ್ಯೂ’ ಮತ್ತು ‘ಹೌ ಮಚ್’. ನಾನು ಧಾರವಾಡದಲ್ಲಿ ಒಂದು ವರ್ಷ ಸಂಜೆ ತರಗತಿಯಲ್ಲಿ ಫ್ರೆಂಚ್ ಕಲಿತಿದ್ದೆ. ಆ ಕಲಿಕೆಯನ್ನು ದೊಡ್ಡಪ್ಪ ಆವರೆಗೆ ದುಡ್ಡಿನ ದಂಡ ಎಂದು ಕರೆಯುತ್ತಿದ್ದ. ಅಂದಿನಿಂದ ಅದು ಮನೆತನದ ಹೆಮ್ಮೆಯಾಯಿತು.

ಕಟ್ಟೆಯ ಮೇಲೆ ಜನ ನೆರೆದರು.

“ಯಾಕ್ರಿ, ಇಷ್ಟ ದೂರ ವಿಮಾನದಾಗ ಬಂದವ್ರು ಸೈಕಲ್ ಯಾಕ ಹೊಡಿತಾರಿ?”

“ವಿಮಾನಕ್ಕ ರೊಕ್ಕೆಲ್ಲಾ ಮುಗದಿರಬೇಕ ಬಿಡಲೇ.”

ಜೈನರ ಮನೆ ನಮ್ಮದು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಐದೂವರೆಗೆ ಬಡಿಸಿದ್ದನ್ನು ಅವರು ಚಹಾದ ಜೊತೆಯ ತಿಂಡಿಯೆಂದು ತಿಳಿದು ಅರ್ಧ ರೊಟ್ಟಿ ತಿಂದರು. ಎಂಟು ಗಂಟೆಯವರೆಗೆ ಊಟಕ್ಕಾಗಿ ನಗುಮುಖದಿಂದ ಕಾದರು. ನಾನು ಬಾಳೆಹಣ್ಣು ತಂದು ಕೊಟ್ಟು ಸುಮ್ಮನಾದೆ. ವಿವರಿಸಲು ಕ್ರಿಯಾಪದಗಳು ನೆನಪಾಗಲಿಲ್ಲ.

ಅವರ ಬಳಿ ಫೋಟೋಗಳಿದ್ದವು. ಸಮುದ್ರದಂಡೆಯ ಅವರ ಸೀಮೆಯೂ ಅಂಗೈಯಂತೆ ಸಪಾಟು. ಜೌಗು ನೆಲ, ನಡುನಡುವೆ ಕಾಲುವೆ, ಉಪ್ಪಿನ ಮಡಿಗಳು, ಕೊಕ್ಕರೆಗಳು. ಕಾಲುವೆಯ ದಂಡೆಗಳಿಗೆ ಕಟ್ಟಿಗೆಯ ಅಡ್ಡಗಟ್ಟೆ ಹಾಕಿ ಮೋಟಾರು ಬಿಡುವುದಿಲ್ಲವಂತೆ. ಜನ ರಜೆ ಹಾಕಿ, ಡೇರೆ ಕಟ್ಟಿಕೊಂಡು, ವಾರಗಟ್ಟಲೆ ಆ ದಾರಿಗಳಲ್ಲಿ ಸುಮ್ಮನೆ ಸೈಕಲ್ ಹೊಡೆಯುತ್ತಾರಂತೆ. ನಾನು ಇದನ್ನು ಹೇಳಿದಾಗ ದೊಡ್ಡಪ್ಪನ ಗೆಳೆಯನೊಬ್ಬ ಫೋಟೋವನ್ನು ದೀಪಕ್ಕೆ ಹಿಡಿದು ನೋಡಿ, “ಅಲ್ಲೂ ಸವಳ ಐತಲ್ಲೋ! ಮತ್ತ ಅವರೇನ ನಮಗಿಂತ ಶ್ಯಾಣ್ಯಾರು?” ಎಂದು ನಿಟ್ಟುಸಿರು ಬಿಟ್ಟ. ಅವನ ಹನ್ನೆರಡು ಎಕರೆ ನೀರಿನಲ್ಲಿತ್ತು. ಅಂದು ಅವನಿಗೆ ಬಹಳ ಸಮಾಧಾನವಾಯಿತು.

ನಮ್ಮಲ್ಲೂ ಅಂಥದೇ ದಂಡೆ ಇದೆ, ಗಾಡಿಗಳಿಲ್ಲ ಎಂದು ನಾನು ಹೇಳಿಬಿಟ್ಟೆ. ಅವರು ಮರುದಿನ ಮುಂಜಾನೆ ಆ ದಾರಿಯಿಂದಲೇ ಹೋಗುತ್ತೇವೆ ಎಂದರು. ದೊಡ್ಡಪ್ಪ ತಕ್ಷಣ ಅದನ್ನು ಸಮಾರಂಭ ಮಾಡಿದ.

“ದಂಡಿಗೆ ಟ್ಯಾಂಕರಲೆ ನೀರ ಹೊಡಸ್ರಿ. ಧೂಳ ಏಳಬಾರ್ದು. ಜೀಪ ಹಿಂದಿರಲಿ, ನಾಷ್ಟಾ ಅದರಾಗ.”

“ಎರಿ ಮಣ್ಣ ಐತಿ ದೊಡ್ಡಪ್ಪಾ” ಎಂದೆ. “ನೀರ ಹಾಕಿದ್ರ ಗಾಲಿ ತಿರಗೂದಿಲ್ಲ.”

“ಮಂತ್ರಿ ಬಂದಾಗ ಹೊಡಸಿದ್ವಿ. ಏನಾತು?”

“ಅದು ಡಾಂಬರ ರಸ್ತಾ ಇತ್ತು.”

“ನಿನ್ನ ಫ್ರೆಂಚ್ ಹೇಳಾಕ ಕರದೇವಿ. ಅಷ್ಟ ಹೇಳ.”

ಅಲ್ಲಿ ಕೂತವರೆಲ್ಲ ರೈತರು. ಹಸಿ ಎರೆಯಲ್ಲಿ ಗಾಡಿ ಹೂಡುವ ಮೂರ್ಖನನ್ನು ಜನ್ಮವಿಡೀ ಆಡಿಕೊಂಡು ನಗುವವರು. ಆದರೂ ಸತ್ಕಾರವೆಂದರೆ ನೀರು ಹೊಡೆಸುವುದು, ಹಾರ ಹಾಕುವುದು, ಜೀಪು. ಆ ಮೂರು ಇಲ್ಲದೆ ಅತಿಥಿಯನ್ನು ಕಳಿಸುವ ಕಲ್ಪನೆಯೇ ಅವರಿಗಿರಲಿಲ್ಲ. ಬೆಳಿಗ್ಗೆ ಸರಪಳಿ ಬಿಚ್ಚಿಸಿ, ಕಲ್ಲು ಸರಿಸಿ, ಗಾಡಿಗಳಿಲ್ಲದ ಆ ದಾರಿಗೆ ಮೊದಲು ಟ್ಯಾಂಕರನ್ನೂ ನಂತರ ಜೀಪನ್ನೂ ನುಗ್ಗಿಸಿದರು.

ದೊಡ್ಡಪ್ಪನ ಭಾಷಣ ಹದಿನೈದು ನಿಮಿಷ. ನಾನು ಅದನ್ನು ಮೂರು ವಾಕ್ಯಗಳಲ್ಲಿ ಮುಗಿಸಿದೆ. ದಂಪತಿ ಕೈಬೀಸಿ ಸೈಕಲ್ ಹತ್ತಿದರು. ಅರವತ್ತು ಹೆಜ್ಜೆ ಹೋಗಿರಬೇಕು. ಗಂಡನ ಸೈಕಲ್ ಗಕ್ಕನೆ ನಿಂತಿತು, ಅವನು ಫೇಟಾ ಸಮೇತ ಪಕ್ಕಕ್ಕೆ ವಾಲಿದ. ಹೆಂಡತಿ ಅವನನ್ನು ನೋಡಲು ತಿರುಗಿ ತಾನೂ ನಿಂತಳು. ಎತ್ತಲು ಓಡಿದವರ ಚಪ್ಪಲಿಗಳು ಒಂದೊಂದು ಸೇರು ಮಣ್ಣು ಹೊತ್ತವು. ಜೀಪು ಇದ್ದಲ್ಲೇ ಗಾಲಿ ತಿರುಗಿಸಿ ಹಿಂದಿನ ಸಾಲಿನವರ ಬಿಳಿ ಧೋತರಗಳಿಗೆ ಸಿಡಿಸಿತು. ನನಗೆ ನಗು ಬರಲಿಲ್ಲ. ಹೇಳಿದ್ದು ನಿಜವಾದಾಗ ಬರುವ ಸಂತೋಷ ಬಂತು. ಅದು ಒಳ್ಳೆಯ ಸಂತೋಷವಲ್ಲ.

ಗಂಡ ಉಸಿರು ಸರಿಮಾಡಿಕೊಂಡು ನೀರಿನ ಕಡೆ ಕೈಮಾಡಿ ಏನೋ ಹೇಳಿದ.

“ಏನಂತಾನ?”

“ಈ ಭೂಮಿ ಬಹಳ ಚೆಂದ ಐತಂತ.”

ಪ್ರತಿಷ್ಠಿತರು ಹಿಗ್ಗಿದರು. ಸೈಕಲ್ ಎತ್ತಲು ಬಂದಿದ್ದ, ನಮ್ಮ ಹೊಲದಲ್ಲಿ ದುಡಿಯುವ ಮುದುಕ ಮಾತ್ರ, “ಅಷ್ಟ ಚೆಂದ ಇದ್ರ ಒಯ್ಯಂತ ಹೇಳವ್ವಾ” ಎಂದ. ಅದನ್ನು ನಾನು ಅನುವಾದಿಸಲಿಲ್ಲ. ಹಾಳಾದ ಹೊಲ ನೋಡಿ ಕಣ್ಣು ಅರಳಿಸುವ ಪ್ರವಾಸಿಗೆ ಅದನ್ನು ಹೇಳಬೇಕಿತ್ತು, ಆದರೆ ನನ್ನ ಫ್ರೆಂಚ್ ಅಷ್ಟು ಚೂಪಾಗಿರಲಿಲ್ಲ.

ಆಗ ಹೆಂಡತಿ ಕಡ್ಡಿ ಕೆಳಗಿಟ್ಟು, ಜೊಂಡಿನ ನಡುವೆ ನಿಂತ ಬೆಳ್ಳಕ್ಕಿಗಳನ್ನು ತೋರಿಸಿ, ಅವಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ನನ್ನನ್ನು ಕೇಳಿದಳು.

“ಈಗೇನಂತಾಳ?” ಎಂದ ದೊಡ್ಡಪ್ಪ. ಧೋತರಕ್ಕೆ ಕೆಸರು, ಮುಖಕ್ಕೆ ಅವಮಾನ.

ಹಾಜರಾಗಲು ನನಗೆ ಉಳಿದಿದ್ದು ಮರುದಿನ ಒಂದೇ. ನಾನು ಹೇಳಿದೆ: “ದಿನಾ ಈ ದಾರೀಲೆ ಒಬ್ಬಾಕಿ ಹೆಣ್ಮಗಳು ಸೈಕಲ್ ಮ್ಯಾಲ ಹೋಗಿ ಬಂದ್ರ ಏನರ ಭಯ ಐತೇನು ಅಂತ ಕೇಳಾಕತ್ತಾಳ.”

“ಭಯಾ? ನಮ್ಮೂರಾಗ?” ಅವನ ದನಿ ಏರಿತು. “ಮೈತುಂಬ ಬಂಗಾರ ಹಾಕ್ಕೊಂಡು ಹೋಗ್ಲಿ, ಯಾವನೂ ಕಣ್ಣೆತ್ತಿ ನೋಡೂದಿಲ್ಲಂತ ಹೇಳ. ನಾ ಜವಾಬ್ದಾರ ಅಂತ ಹೇಳ!”

“ಹೌದ್ರಿ, ಹೌದ್ರಿ” ಎಂದರು ಇಪ್ಪತ್ತು ಜನ.

ನಾನು ಆ ಹೆಂಗಸಿಗೆ, “ಬೆಳ್ಳಕ್ಕಿ” ಎಂದೆ. ಅವಳು ಎರಡು ಸಲ ಅಂದು ನೋಡಿ, ನಕ್ಕು, ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ಉತ್ತರ ಅವಳಿಗೆ ಹಿಡಿಸಿತೆಂದು ದೊಡ್ಡಪ್ಪನಿಗೆ ತೃಪ್ತಿಯಾಯಿತು. ಅಪ್ಪ ಮಾತ್ರ ನನ್ನನ್ನು ನೋಡುತ್ತಿದ್ದ. ಅವನಿಗೆ ಫ್ರೆಂಚ್ ಬರುತ್ತಿರಲಿಲ್ಲ, ಆದರೆ ಇಪ್ಪತ್ತಮೂರು ವರ್ಷಗಳಿಂದ ನಾನು ಗೊತ್ತಿದ್ದೆ.

ಸೈಕಲ್ಲುಗಳನ್ನು ಒಣ ನೆಲ ಸಿಗುವವರೆಗೆ ಆಳುಗಳು ಹೆಗಲ ಮೇಲೆ ಹೊತ್ತು ಸಾಗಿಸಿದರು. ಅಲ್ಲಿಂದ ಆ ಇಬ್ಬರು ಹಿಂತಿರುಗಿ ನೋಡದೆ ಹೋದರು. ನಾನಾದರೂ ಹಾಗೆಯೇ ಹೋಗುತ್ತಿದ್ದೆ.

ಸಂಜೆ ಊಟಕ್ಕೆ ಕೂತಾಗ ಅಪ್ಪ ತಾಟು ನೋಡುತ್ತಲೇ ಹೇಳಿದ, “ಅಣ್ಣಾ, ನಾಳೆ ಇಕಿ ಹಾಜರಾಗ್ತಾಳ. ಕೆನಾಲ ದಂಡೀಲೆ.”

“ಏನಂದಿ?”

“ನೀನ ಎಲ್ಲಾರ ಮುಂದ ಜವಾಬ್ದಾರ ಅಂದಿಯಲ್ಲ.”

“ಅದು ಬಂದವ್ರಿಗೆ ಹೇಳೂ ಮಾತೋ. ಪರದೇಶದವ್ರ ಮುಂದ ಊರ ಮರ್ಯಾದಿ…”

“ಇಪ್ಪತ್ತ ಮಂದಿ ಕೇಳ್ಯಾರ” ಎಂದ ಅಪ್ಪ. ಅವನು ಅಣ್ಣನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅಣ್ಣನ ಮಾತನ್ನೇ ಮುಂದೆ ಹಿಡಿದು. ದೊಡ್ಡಪ್ಪ ಮಜ್ಜಿಗೆ ಕುಡಿದು ಎದ್ದ. ಬೇಡ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅನುಮತಿ ಅಷ್ಟೇ ದೊಡ್ಡದಿರುತ್ತದೆ.

ಮರುದಿನ ಮುಂಜಾನೆ ನಾನು ಆರಕ್ಕೆ ಸೈಕಲ್ಲಿಗೆ ಗಾಳಿ ಹಾಕಿ, ಎರಡೂ ಮಡ್‌ಗಾರ್ಡ್ ಬಿಚ್ಚಿ ಪಡಸಾಲೆಯ ಮೂಲೆಗಿಟ್ಟೆ. ಕೆಸರಿದ್ದ ಒಂದು ಫರ್ಲಾಂಗನ್ನು ಸೈಕಲ್ ತಳ್ಳುತ್ತ ಹುಲ್ಲಿನ ಅಂಚಿನಿಂದ ದಾಟಿದೆ. ನಂತರ ಹತ್ತಿದೆ. ದಾರಿಯಲ್ಲಿ ಯಾರೂ ಸಿಗಲಿಲ್ಲ. ಕಾಲೇಜಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಹಾಜರಿ ಪುಸ್ತಕದಲ್ಲಿ ಬಂದ ವೇಳೆ ಏಳು ಐವತ್ತು ಎಂದು ಬರೆದು ಸಹಿ ಮಾಡಿದೆ.