ಇದಾಲಿನಾಳ ಮನೆಯ ಬಡಗಣ ಗೋಡೆ

“ಅಯ್ಯೋ ಮೇಷ್ಟ್ರೇ, ಆ ಗೋಡೆಗೆ ಒರಗಬೇಡಿ!”

ಇದಾಲಿನಾಳ ಬಾಯಿಂದ ನಾನು ಕೇಳಿದ ಮೊದಲ ಮಾತು ಇದು. ಶಾಲೆಗೆ ಒಂದು ಬುಟ್ಟಿ ದ್ರಾಕ್ಷಿ ಕಳುಹಿಸಿದ್ದಳು. ಉಪಕಾರ ಸ್ಮರಿಸಲೆಂದು ನಮ್ಮ ದಕ್ಷಿಣ ಬ್ರೆಜಿಲ್ಲಿನ ಆ ಗುಡ್ಡ ಹತ್ತಿ ಹೋಗಿದ್ದೆ. ಏದುಸಿರು ಬಿಡುತ್ತ ಬಡಗಣ ಗೋಡೆಗೆ ಕೈಯೂರಿದ್ದೇ ತಪ್ಪಾಯಿತು.

ಇಟಲಿಯಿಂದ ಬಂದ ಅವಳ ಮುತ್ತಜ್ಜ ಕರಿಕಲ್ಲನ್ನು ಕೆಮ್ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಮನೆ ಅದು. ಕೆಳಗೆ ವೈನಿನ ಪೀಪಾಯಿಗಳು, ಮೇಲೆ ವಾಸ. ಬೆಂಕಿಯ ಭಯಕ್ಕೆ ಅಡುಗೆಮನೆ ಮಾತ್ರ ಅಂಗಳದಾಚೆ. ಮಗಳ ಮದುವೆಗೆ ಮನೆ ಚೆನ್ನಾಗಿ ಕಾಣಲೆಂದು ಇದಾಲಿನಾ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿಸಿದ್ದಳು. ಆಗ ನಮ್ಮಲ್ಲಿ ಎಲ್ಲರೂ ಮೆತ್ತಿಸುತ್ತಿದ್ದರು. ಗುಡ್ಡದಿಂದ ಇಳಿದು ಮಣ್ಣಿನ ಸಂದುಗಳಲ್ಲಿ ಜಿನುಗಿ ಹೋಗುತ್ತಿದ್ದ ನೀರಿಗೆ ಹೊರದಾರಿ ತಪ್ಪಿತು. ಬಡಗಣ ಗೋಡೆ ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟಿತು.

ದಿನವೂ ಬೆಳಿಗ್ಗೆ ಅವಳು ಸೂರಿನಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, ದಾರಕ್ಕೂ ಕಲ್ಲಿಗೂ ನಡುವಿನ ಅಂತರವನ್ನು ಬೆರಳಿನಲ್ಲಿ ಅಳೆಯುತ್ತಿದ್ದಳು. ಗೋಡೆ ದಾರದ ಕಡೆಗೆ ಉಬ್ಬುತ್ತ ಬಂದು, ಮೂರು ಬೆರಳಿದ್ದದ್ದು ನಾನು ಹೋದ ವರ್ಷ ಒಂದಕ್ಕೆ ಬಂದಿತ್ತು. ಅಟ್ಟದ ತೊಲೆಗಳೆಲ್ಲ ಆ ಗೋಡೆಯ ಮೇಲೆಯೇ ಕೂತಿದ್ದವು. ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿದ್ದಳು.

“ಮೆತ್ತಿದೋನು ನೀನೇ, ಕೀಳೋನೂ ನೀನೇ,” ಎಂದು ಗಾರೆ ಕೆಲಸದ ಜೆನುಯೀನೊನನ್ನು ಹಿಡಿದಳು.

“ಕೀಳ್ತೀನಿ ಕಣಕ್ಕ. ಗೋಡೆ ನನ್ನ ಮೇಲೆ ಬಿದ್ರೆ ನನ್ನ ಹೆಂಡ್ತೀನ ನೀನೇ ಇಟ್ಕೋಬೇಕು, ಅವಳ ಬಾಯಿ ಸಮೇತ.”

“ಅದಕ್ಕಿಂತ ಈ ಗೋಡೆ ಬೀಳೋದೇ ವಾಸಿ! ಉಳಿ ತಗೋ.”

ಗೋಡೆಗೆ ಮರದ ದಿಮ್ಮಿಗಳನ್ನು ಆನಿಸಿ ಕೆಲಸ ಹಿಡಿದರು. ಪ್ರತಿ ಪೆಟ್ಟಿಗೂ ಇದಾಲಿನಾ ಕಣ್ಣು ಮುಚ್ಚುತ್ತಿದ್ದಳು. ಮೂರನೆಯ ದಿನ ಸಿಮೆಂಟಿನ ದೊಡ್ಡ ಚಕ್ಕೆಯೊಂದು ಕಳಚಿತು. ಹಿಂದೆಯೇ ಒಂದು ಕಲ್ಲು ಉರುಳಿತು. ಜೆನುಯೀನೊ ಉಳಿ ಬಿಟ್ಟು ಹಾರಿದ. ಕಲ್ಲು ಬಿದ್ದ ಸಂದಿನಿಂದ ಕೆಂಪು ನೀರು ಬುಳುಬುಳು ಹರಿಯಿತು. ಅಂದು ನೋಡಲು ಬಂದಿದ್ದ ನಾನೂ ಸೇರಿ ಮೂವರೂ ಅಂಗಳದಾಚೆಗೆ ಸರಿದೆವು.

ಗೋಡೆ ನಿಂತಿತು.

ಹೊಟ್ಟೆ ಮಾತ್ರ ಇಳಿಯಲಿಲ್ಲ, ಇಳಿಯುವುದೂ ಇಲ್ಲ. ಈಗ ಇದಾಲಿನಾ ಕೆಮ್ಮಣ್ಣಿಗೆ ಹುಲ್ಲು ಬೆರೆಸಿ, ಕಾಲಲ್ಲಿ ತುಳಿದು, ಸಂದುಗಳನ್ನು ತಾನೇ ಒಂದೊಂದಾಗಿ ತುಂಬುತ್ತಿದ್ದಾಳೆ. ಹಾಸಿಗೆ ಇನ್ನೂ ಅಡುಗೆಮನೆಯಲ್ಲೇ. ಮೊನ್ನೆ ಮಳೆ ನಿಂತ ಮೇಲೆ ಹೋದಾಗ, ದಾರದ ಪಕ್ಕ ಬೆರಳಿಟ್ಟುಕೊಂಡು ನಿಂತಿದ್ದಳು.

“ಒಂದು ಬೆರಳು ಹಾಗೇ ಇದೆ ಮೇಷ್ಟ್ರೇ. ಬನ್ನಿ, ಮೆಕ್ಕೆಜೋಳದ ಪೊಲೆಂಟ ಬಿಸಿಯಾಗಿದೆ. ಆ ಕಡೆಯಿಂದ ಸುತ್ಕೊಂಡು ಬನ್ನಿ,” ಎಂದಳು, ಬೆರಳನ್ನು ತೆಗೆಯದೆ.