ಅರ್ಧ ಮೇಜಿನ ಕಾಲರಕ್ಕ

ಬಂಡವಾಳ ಇಲ್ಲದವರಿಗೆ ಧೈರ್ಯವೇ ಬಂಡವಾಳ ಅಂತ ವೇದಿಕೆ ಮೇಲೆ ಗುಡುಗುವವರನ್ನು ಸ್ವಲ್ಪ ಹತ್ತಿರ ಹೋಗಿ ನೋಡಿ. ಅವರ ಬೆನ್ನ ಹಿಂದೆ ಅಪ್ಪನ ಅಂಗಡಿಯೋ ಮಾವನ ಜಾಗವೋ ಇದ್ದೇ ಇರುತ್ತದೆ. ಧೈರ್ಯವನ್ನು ಸೂಜಿಗೆ ಪೋಣಿಸಲು ಬರುವುದಿಲ್ಲ. ಸೂಜಿಗೆ ದಾರ ಬೇಕು, ಅದನ್ನಿಡಲು ಮೇಜು ಬೇಕು, ಮೇಜು ಹಾಕಲು ಯಾರದೋ ಸೂರು ಬೇಕು. ಕಾಲರಕ್ಕನಿಗೆ ಇವೆಲ್ಲ ಎಲ್ಲಿಂದ ಬಂದವು ಅನ್ನುವುದನ್ನು ಯಾವ ವೇದಿಕೆಯೂ ಹೇಳುವುದಿಲ್ಲ.

ಕಾಲರಕ್ಕ ಹೆತ್ತವರಿಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಅದಕ್ಕೆ ಮುಂಚೆ ಅವಳು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದಳು. ಅಲ್ಲಿ ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬಳಿಗೆ ಜೇಬು, ಇನ್ನೊಬ್ಬಳಿಗೆ ತೋಳು, ಮತ್ತೊಬ್ಬಳಿಗೆ ಗುಂಡಿ. ಇವಳ ಪಾಲಿಗೆ ಬಂದದ್ದು ಕಾಲರ್, ಅದರಲ್ಲೂ ಒಂದೇ ಒಂದು ಹೊಲಿಗೆ. ಕುತ್ತಿಗೆಯನ್ನು ಸುತ್ತುವ ಪಟ್ಟಿಗೆ, ಮಡಚಿ ಬೀಳುವ ಮೇಲ್ತುಂಡನ್ನು ಕೂಡಿಸುವುದು. ಪಟ್ಟಿಯ ನಡುವಿಗೆ ತುಂಡಿನ ನಡು ಹಿಡಿ, ಹೊಲಿ, ತಳ್ಳು. ಎರಡು ತುದಿ ಸರಿಯಾಗಿ ಬಂದವೇ ಅಂತ ನೋಡುವುದು ಪಕ್ಕದ ಕುರ್ಚಿಯವಳ ಕೆಲಸ. ದಿನಕ್ಕೆ ಆರುನೂರು ಕಾಲರ್. ‘ಅವಳು ಕಣ್ಣು ಮುಚ್ಚಿ ಹೊಲೀತಾಳೆ’ ಅಂತ ಹೆಸರು ಬಂದಿತ್ತು. ಅದನ್ನು ಅವಳು ಹೊಗಳಿಕೆ ಅಂದುಕೊಂಡಿದ್ದಳು. ಹನ್ನೊಂದು ವರ್ಷ ಒಬ್ಬ ಹೆಂಗಸಿನ ಕೈಯನ್ನು ಹೀಗೆ ಬಳಸಿಕೊಂಡು ಅವಳಿಗೆ ಇಡೀ ಅಂಗಿ ಹೊಲಿಯುವುದನ್ನು ಕಲಿಸದೆ ಮನೆಗೆ ಕಳಿಸುವ ಜಾಣತನಕ್ಕೆ ಹೊಗಳಿಕೆ ಅಂತ ಹೆಸರಿಡಬಾರದು.

ಬಚ್ಚಲಲ್ಲಿ ಜಾರಿ ಬಿದ್ದು ಅತ್ತೆ ಸೊಂಟ ಮುರಿದುಕೊಂಡರು. ಗಂಡ ಲಾರಿ ಡ್ರೈವರ್, ವಾರದಲ್ಲಿ ಐದು ದಿನ ದಾರಿಯಲ್ಲೇ. ಸೊಸೆ ಇಪ್ಪತ್ತು ದಿನ ರಜೆ ಹಾಕಿದಳು. ಮರಳಿ ಹೋದಾಗ ಅವಳ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು.

“ಕುರ್ಚಿ ನಿಮ್ಮಪ್ಪನ ಆಸ್ತಿಯೇನಮ್ಮ?” ಅಂದ ಸೂಪರ್‌ವೈಸರ್. ಆಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ, “ಬರೋ ತಿಂಗಳು ಹೊಸ ಲೈನ್ ಶುರುವಾಗುತ್ತೆ. ಮೊದಲನೇ ಸೋಮವಾರ ಎಂಟು ಗಂಟೆಗೆ ಗೇಟ್ ಹತ್ರ ಇರು. ಸಂಬಳ ಹೊಸಬರದ್ದೇ. ಎಂಟು ಅಂದ್ರೆ ಎಂಟು, ಎಂಟೂ ಐದಲ್ಲ” ಅಂದ.

ಅದೇ ಸಂಜೆ ಗಂಡನ ಅಂಗಿ ತರಲು ಇಸ್ತ್ರಿ ಅಂಗಡಿಗೆ ಹೋದಳು. ಇಸ್ತ್ರಿಯಣ್ಣ ಅಂದರೆ ಆ ಮೂಲೆಗೆ ಕಂಬವಿದ್ದ ಹಾಗೆ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಬಾಯಲ್ಲಿ ಒಂದೇ ಪಲ್ಲವಿ: “ಇಪ್ಪತ್ತೆರಡು ವರ್ಷದಲ್ಲಿ ಒಂದೂ ಬಟ್ಟೆ ಸುಟ್ಟಿಲ್ಲ.” ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಅವತ್ತು ಯಾರದೋ ಅಂಗಿಯನ್ನು ಬೆಳಕಿಗೆ ಹಿಡಿದು ಹಲುಬುತ್ತಿದ್ದ.

“ನೋಡು ತಂಗಿ, ಅಂಗಿ ಕಲ್ಲಿನ ಹಾಗಿದೆ. ಕಾಲರ್ ಒಂದು ಹರಿದಿದೆ ಅಂತ ನಾಳೆ ಇದರಲ್ಲಿ ನೆಲ ಒರೆಸ್ತಾರೆ.”

“ಬಿಚ್ಚಿ ತಿರುವಿ ಹಾಕಿದ್ರೆ ಆಯ್ತಲ್ಲ ಅಣ್ಣ. ಕೆಳಗಿನ ಮಗ್ಗುಲು ಹೊಸದೇ ಇರುತ್ತೆ.”

“ನಿಂಗೆ ಬರುತ್ತಾ?”

“ಅದೊಂದೇ ಬರೋದು.”

ಇಸ್ತ್ರಿಯಣ್ಣ ಬಲಗೈ ಚಾಚಿ, ಮೇಜಿನ ಮೇಲಿನ ಬಟ್ಟೆ ರಾಶಿಯನ್ನು ಒಂದೇ ಸಲಕ್ಕೆ ಆ ಪಕ್ಕಕ್ಕೆ ದಬ್ಬಿದ. ಅರ್ಧ ಮೇಜು ಬರಿದಾಯಿತು. ಕಾಗದವಿಲ್ಲ, ಸಹಿಯಿಲ್ಲ, ಮುಂಗಡವಿಲ್ಲ.

“ಬಾಡಿಗೆ?” ಅಂದಳು ಅಳುಕುತ್ತ.

“ಕಾಲರ್ ಹರಿದ ಅಂಗಿ ಮತ್ತೆ ನನ್ನ ಹತ್ರ ಇಸ್ತ್ರಿಗೆ ಬರಲ್ಲ. ನೀನು ಸರಿ ಮಾಡಿದ್ರೆ ಬರುತ್ತೆ. ಅದೇ ಬಾಡಿಗೆ, ಹೋಗು.”

ಇನ್ನು ಮಷಿನ್. ಅದು ಮನೆಯಲ್ಲೇ ಇತ್ತು, ಆದರೆ ಯಾರೂ ಅದನ್ನು ಮಷಿನ್ ಅಂತ ನೋಡಿರಲಿಲ್ಲ. ಅತ್ತೆಯ ಹರೆಯದ ಕಾಲದ ಕೈತಿರುವಿನ ಮಷಿನ್, ಮುಚ್ಚಳ ಮುಚ್ಚಿಕೊಂಡು ಒಂಬತ್ತು ವರ್ಷದಿಂದ ನೀರಿನ ಕೊಡ ಹೊತ್ತು ಕೂತಿತ್ತು.

“ಕೊಡ ಇಳಿಸಿ ಎತ್ಕೊಂಡು ಹೋಗೇ,” ಅಂದರು ಅತ್ತೆ ಮಂಚದಿಂದಲೇ. “ಒಂದು ಮಾತು. ಅದು ನನಗಿಂತ ಹಟಮಾರಿ.”

“ಅಷ್ಟು ಹಟ ಕಬ್ಬಿಣಕ್ಕೆ ಎಲ್ಲಿಂದ ಬರಬೇಕು ಅತ್ತೆ?”

“ನಿನ್ನ ನಾಲಿಗೆಗೆ ಮೊದಲು ಎಣ್ಣೆ ಬಿಡಬೇಕು!” ಅಂತ ಅತ್ತೆ ನಕ್ಕರು. ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು.

ಹೀಗೆ ಶುರುವಾಯಿತು. ರಟ್ಟಿನ ಮೇಲೆ ‘ಕಾಲರ್ ತಿರುವಿ ಕೊಡಲಾಗುವುದು’ ಅಂತ ಬರೆದು ತೂಗುಹಾಕಿದಳು. ಬಂದವರು ಓದುವುದಿಲ್ಲ, ಕೇಳುತ್ತಾರೆ.

“ಪ್ಯಾಂಟ್ ಕಿರಿದು ಮಾಡ್ತೀಯೇನಮ್ಮ?”

“ಇಲ್ಲ.”

“ಜಿಪ್?”

“ಇಲ್ಲ. ಕಾಲರ್ ಮಾತ್ರ.”

“ಇದೊಳ್ಳೆ ಕಥೆ! ಬರೀ ಮೂಗು ನೋಡೋ ಡಾಕ್ಟರ ಹಾಗೆ.”

ಅವಳ ಮುಖ ಹುಳ್ಳಗಾಗುತ್ತಿತ್ತು. ಇಸ್ತ್ರಿಯಣ್ಣ ತಲೆ ಎತ್ತದೆ, “ಮೂಗಿನ ಡಾಕ್ಟರ ಫೀಸು ಜಾಸ್ತಿ, ಗೊತ್ತಲ್ಲ?” ಅನ್ನುತ್ತಿದ್ದ. ಬಂದವನು ನಗುತ್ತಾ ಹೋಗಿ ಮರುದಿನ ಒಂದು ಅಂಗಿ ತರುತ್ತಿದ್ದ. ಆದರೂ ದಿನಕ್ಕೆ ಮೂರು, ನಾಲ್ಕು ಅಂಗಿ, ಅಷ್ಟೇ. ಸೋಮವಾರ ಹತ್ತಿರವಾಗುತ್ತಿತ್ತು. “ನಡೆಯೋ ಹಾಗಿದ್ರೆ ನಡೆಸು, ಇಲ್ಲದಿದ್ರೆ ಸುಮ್ನೆ ಗೇಟಿಗೆ ಹೋಗು,” ಅಂತ ಗಂಡ ಫೋನಿನಲ್ಲಿ ಹೇಳಿದ. ಅದರಲ್ಲಿ ತಪ್ಪೇನಿರಲಿಲ್ಲ. ಒಬ್ಬನ ದುಡಿಮೆಯಲ್ಲಿ ಮನೆಯೂ ಅತ್ತೆಯ ಔಷಧಿಯೂ ಸಾಗುವಂತಿರಲಿಲ್ಲ.

ಆ ಸೋಮವಾರಕ್ಕೆ ನಾಲ್ಕು ದಿನ ಇರುವಾಗ, ಬೀದಿ ಕೊನೆಯ ಹೋಟೆಲಿನ ಮ್ಯಾನೇಜರ್ ಒಂದು ಗಂಟು ತಂದು ಮೇಜಿನ ಮೇಲಿಟ್ಟ. ಸಪ್ಲೈಯರ್‌ಗಳ ಹದಿನಾಲ್ಕು ಬಿಳಿ ಅಂಗಿ. ಎಲ್ಲದರ ಕಾಲರೂ ಹರಿದಿತ್ತು.

“ಸೋಮವಾರ ಬೆಳಿಗ್ಗೆ ಏಳೂವರೆಗೆ ಹುಡುಗರ ಮೈಮೇಲಿರಬೇಕು, ನೀನೇ ಎದುರಿದ್ದು ತೋರಿಸ್ಬೇಕು. ಮಾಲೀಕರು ಬರ್ತಾರೆ. ಚೆನ್ನಾಗಿ ಬಂದ್ರೆ ನಮ್ಮ ಎರಡೂ ಹೋಟೆಲಿನ ಅಂಗಿ ತಿಂಗಳು ತಿಂಗಳು ನಿಂಗೇ. ಕೆಟ್ರೆ ಹೊಸ ಅಂಗಿ ನಿನ್ನ ತಲೆ ಮೇಲೆ.”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಏಳೂವರೆಗೆ ಹೋಟೆಲು, ಎಂಟಕ್ಕೆ ಊರಾಚೆಯ ಗೇಟು. ಎರಡೂ ಆಗುವ ಮಾತಲ್ಲ. ಗಂಟು ಹಿಡಿದರೆ ಗೇಟು ಬಿಟ್ಟ ಹಾಗೆಯೇ. “ಆಯ್ತು ಸಾರ್,” ಅಂದಳು.

ಇಲ್ಲೇ ಹನ್ನೊಂದು ವರ್ಷದ ಅಭ್ಯಾಸ ಕೈಕೊಟ್ಟದ್ದು. ಒಂದೊಂದೇ ಅಂಗಿ ಬರುತ್ತಿದ್ದಾಗ ಆ ಅಭ್ಯಾಸ ಮಲಗಿತ್ತು. ಹದಿನಾಲ್ಕು ಒಟ್ಟಿಗೆ ಕಂಡದ್ದೇ ಕೈ ಕಾರ್ಖಾನೆಗೆ ಮರಳಿತು. ಎಲ್ಲ ಕಾಲರ್ ಬಿಚ್ಚಿದಳು. ಮೇಲ್ತುಂಡುಗಳದೊಂದು ರಾಶಿ, ಅಂಗಿಗಳದೊಂದು ರಾಶಿ. ಕಾರ್ಖಾನೆಯಲ್ಲಿ ಬಂಡಲಿನ ಅಂಗಿಗಳೆಲ್ಲ ಒಂದೇ ಅಳತೆ, ಯಾವ ತುಂಡು ಯಾವುದಕ್ಕೆ ಹೋದರೂ ಸರಿಯೇ. ಪಟ್ಟಿಯ ನಡುವಿಗೆ ತುಂಡಿನ ನಡು ಹಿಡಿದು, ಕಣ್ಣು ಮುಚ್ಚಿದ ಹಾಗೆ ಹದಿನಾಲ್ಕನ್ನೂ ಹೊಲಿದು ಮುಗಿಸಿದಳು. ಹೊಲಿಗೆ ಹೇಗಿತ್ತು ಅಂತೀರಿ? ಗೆರೆ ಎಳೆದ ಹಾಗಿತ್ತು. ತುದಿ ನೋಡಲು ಮಾತ್ರ ಪಕ್ಕದಲ್ಲಿ ಯಾವ ಕುರ್ಚಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಇಸ್ತ್ರಿಯಣ್ಣ ಮೊದಲ ಅಂಗಿಯ ಕುತ್ತಿಗೆ ಗುಂಡಿ ಹಾಕಿ ಮಡಚಲು ಹೋದವನು ಹಾಗೇ ನಿಂತ.

“ಇದೇನು ತಂಗಿ, ಎರಡು ಮೂತಿ ಒಂದರ ಮೇಲೊಂದು ಹತ್ತಿ ಕೂತಿವೆ?”

ಇನ್ನೊಂದನ್ನು ಎತ್ತಿದ. ಅದರಲ್ಲಿ ಕಾಲರಿನ ಎರಡು ತುದಿಗಳ ನಡುವೆ ಬಾಗಿಲು ತೆರೆದಿಟ್ಟಷ್ಟು ಸಂದು. ಅವಳು ಉಳಿದವನ್ನೂ ಎಳೆದು ನೋಡಿದಳು. ಸಪ್ಲೈಯರ್‌ಗಳಲ್ಲಿ ಒಬ್ಬ ಗೂಳಿ, ಒಬ್ಬ ಕೊಕ್ಕರೆ. ಎಲ್ಲರ ಕುತ್ತಿಗೆ ಒಂದೇ ಅಂತ ಬಗೆದದ್ದು ಅವಳಲ್ಲ, ಅವಳ ಕೈ. ಹದಿನಾಲ್ಕರಲ್ಲಿ ಒಂಬತ್ತು ಅದಲು ಬದಲಾಗಿದ್ದವು.

“ಅಯ್ಯೋ ಅಣ್ಣ, ಯಾವುದು ಯಾರದ್ದು ಅಂತ ಈಗ ಹೇಗೆ ಹುಡುಕಲಿ? ಎಲ್ಲಾ ಬಿಳಿ!”

“ನಿಂಗೆ ಬಿಳಿ. ಆರು ವರ್ಷದಿಂದ ಇವನ್ನ ತೀಡ್ತಿರೋನು ನಾನು. ಬಿಚ್ಚು ನೀನು.”

ಅತ್ತೆಗೆ ಸುದ್ದಿ ಮುಟ್ಟಿತು. ಎರಡು ತಿಂಗಳಿಂದ ಹೊಸಿಲು ದಾಟದವರು ಊರುಗೋಲು ಊರಿಕೊಂಡು ಬಂದು, ತಮ್ಮ ದಿಂಬನ್ನು ಸ್ಟೂಲಿನ ಮೇಲೆ ಹಾಕಿಕೊಂಡು ಕೂತರು. “ಮುರಿದದ್ದು ಸೊಂಟ, ಕೈಯಲ್ಲ. ಕೊಡಿಲ್ಲಿ ಬ್ಲೇಡು,” ಅಂದರು. ಅತ್ತೆ ಬಿಚ್ಚಿದ್ದನ್ನೆಲ್ಲ ಇಸ್ತ್ರಿಯಣ್ಣ ಬೆರಳಲ್ಲಿ ತಿಕ್ಕಿ, ಮೂಸಿ, ಬೆಳಕಿಗೆ ಹಿಡಿದು ಹೇಳುತ್ತಿದ್ದ. “ಇದು ಗೂಳಿಯದು, ಬೆವರಿನ ಗೆರೆ ನೋಡು, ನದಿ ಹರಿದ ಹಾಗಿದೆ. ಇದು ಕಿವಿ ಮೇಲೆ ಪೆನ್ನಿಡೋನದು, ಶಾಯಿ ಚುಕ್ಕೆ ಇದೆ. ಇದು ಕೊಕ್ಕರೆಯದು.” ಅವಳು ಈ ಸಲ ಒಂದು ಮುಗಿಯುವ ತನಕ ಇನ್ನೊಂದನ್ನು ಮುಟ್ಟಲಿಲ್ಲ. ತುದಿಗಳನ್ನೂ ತಾನೇ ನೋಡಿದಳು.

ಎಂಟು ಸರಿಹೋದವು. ಒಂಬತ್ತನೆಯದನ್ನು ಕೈಗೆತ್ತಿಕೊಂಡ ಇಸ್ತ್ರಿಯಣ್ಣ ಅದನ್ನು ಮೆಲ್ಲನೆ ಮಗುಚಿಡಲು ನೋಡಿದ. ತಿರುವಿದ್ದರಿಂದ ಮೇಲೆ ಬಂದ ಮಗ್ಗುಲಲ್ಲಿ ಒಂದು ಕಂದು ಕಲೆ, ಮೂತಿ ಚೂಪಾಗಿ, ದೋಣಿಯ ಹಾಗೆ.

“ಇದೇನಣ್ಣ, ತುಕ್ಕಾ? ನನ್ನ ಮಷಿನ್ನಿಂದ ಆಯ್ತಾ?” ಅವಳು ಉಗುರಿನಿಂದ ಕಲೆಯನ್ನು ಕೆರೆದಳು.

“ತುಕ್ಕೇ ಇರಬೇಕು,” ಅಂದ ಅವನು, ಬೇರೆಲ್ಲೋ ನೋಡುತ್ತಾ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. ತುಂಡನ್ನು ನೋಡಿದರು, ಅವನ ಇಸ್ತ್ರಿ ಪೆಟ್ಟಿಗೆಯ ಮೂತಿ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನದೆಯೇ ಇಸ್ತ್ರಿಯಣ್ಣನ ಕೈ ಹೆಗಲಿಗೆ ಹೋಯಿತು.

“ನಾನೇ ಸುಟ್ಟದ್ದು ತಂಗಿ,” ಅಂದ. “ಎರಡು ವರ್ಷ ಆಯ್ತು. ಕಾಲರ್ ಕೆಳಗಲ್ವಾ, ಯಾರು ತಿರುವಿ ನೋಡ್ತಾರೆ ಅಂತ ಸುಮ್ಮನಾದೆ.”

“ತಿರುವಿ ನೋಡೋಳಿಗೇ ಮೇಜು ಕೊಟ್ಟೆಯಲ್ಲಪ್ಪ!” ಅಂದರು ಅತ್ತೆ.

ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ಕಲೆ ಅಲ್ಲೇ ಇತ್ತು. ಮೊದಲಿನ ಹಾಗೆ ತಿರುಗಿಸಿದರೆ ಹರಿದ ಮಗ್ಗುಲು ಮೇಲೆ, ಹೀಗೇ ಬಿಟ್ಟರೆ ಸುಟ್ಟ ಮಗ್ಗುಲು ಮೇಲೆ. ಉಳಿದದ್ದು ಒಂದೇ ದಾರಿ. ಅಂಗಿಯ ಹಿಂದಿನ ಅಂಚು ಹೇಗೂ ಪ್ಯಾಂಟಿನೊಳಗೆ ಹೋಗುತ್ತದೆ, ಅಲ್ಲಿಂದ ಬಟ್ಟೆ ಕತ್ತರಿಸಿ ಹೊಸ ಮೇಲ್ತುಂಡು ಮಾಡಬೇಕು. ಆದರೆ ಅವಳು ಜೀವಮಾನದಲ್ಲಿ ಬಟ್ಟೆ ಕತ್ತರಿಸಿದವಳಲ್ಲ. ಕಾರ್ಖಾನೆಯಲ್ಲಿ ಕತ್ತರಿ ವಿಭಾಗಕ್ಕೆ ಗಾಜಿನ ಗೋಡೆ ಇತ್ತು, ಹೊಲಿಯುವ ಹೆಂಗಸರಿಗೆ ಆ ಕಡೆ ಪ್ರವೇಶವೇ ಇರಲಿಲ್ಲ.

ಪಕ್ಕದ ಅಂಗಡಿಯಿಂದ ಕತ್ತರಿ ಬಂತು. ಹಳೆಯ ತುಂಡನ್ನು ಬಿಚ್ಚಿ, ಅಂಗಿಯ ಮೇಲಿಟ್ಟು, ಸುತ್ತ ಗೆರೆ ಹಾಕಿದಳು. ಕತ್ತರಿ ಬಾಯಿ ತೆರೆದು ಹಾಗೇ ನಿಂತಳು.

“ಕತ್ತರಿಸೇ,” ಅಂದರು ಅತ್ತೆ. “ಬಟ್ಟೆ, ಹಾವಲ್ಲ.”

ಕತ್ತರಿಸಿದಳು. ಕತ್ತರಿ ಒಂದು ಕಡೆ ಗೆರೆ ಬಿಟ್ಟು ಸೊಟ್ಟಗೆ ಹೋಯಿತು, ಅದು ಮಡಿಕೆಯಲ್ಲಿ ಸರಿಹೋಯಿತು. ಹಳೆಯದರ ಒಳಗಿನ ಗಡಸು ಬಟ್ಟೆಯನ್ನೇ ಹೊಸದಕ್ಕೂ ಹಾಕಿದಳು. ಅಂಗಿಯ ಹಿಂದೆ ಬಿದ್ದ ಕಿಂಡಿಗೆ ಅತ್ತೆ ತಮ್ಮ ದಿಂಬಿನ ಹೂಹೂವಿನ ಚೀಲದಿಂದ ಒಂದು ತುಂಡು ಹರಿದುಕೊಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಹದಿನಾಲ್ಕು ಅಂಗಿ ಮಡಚಿ ಕೂತಿದ್ದವು.

ಸೋಮವಾರ ಏಳೂಕಾಲಕ್ಕೆ ಅವಳು ಗಂಟು ಹೊತ್ತು ಹೊರಟರೆ ಇಸ್ತ್ರಿಯಣ್ಣ ಅಂಗಡಿಗೆ ಅರ್ಧ ಬಾಗಿಲು ಹಾಕಿ ಹಿಂದೆಯೇ ಬಂದ.

“ನೀನ್ಯಾಕಣ್ಣ? ಎಲ್ಲಾ ಸರಿಹೋಯ್ತಲ್ಲ.”

“ಹೂವಿನ ತೇಪೆ ಯಾಕೆ ಅಂತ ಕೇಳಿದ್ರೆ ಏನು ಹೇಳ್ತೀಯ? ನಿಂಗೆ ಸುಳ್ಳು ಹೇಳೋಕೆ ಬರಲ್ಲ. ನಂಗೆ ಅಭ್ಯಾಸ ಇದೆ, ಹಾಗಾಗಿ ನಿಜ ಹೇಳೋದೂ ನನ್ನ ಪಾಲೇ.”

ಅವನಿಗೆ ಆ ಹೋಟೆಲು ದೊಡ್ಡ ಗಿರಾಕಿ. ಅಂಗಿ ಸುಟ್ಟೆ ಅಂದರೆ ಕಳೆದುಕೊಳ್ಳುವುದು ಅವನೇ. ಬಾಯಿ ಮುಚ್ಚಿಕೊಂಡಿದ್ದರೆ ತೇಪೆಯ ಮಾತು ಅವಳ ತಲೆಗೆ ಸುತ್ತಿಕೊಂಡು ಹೋಗುತ್ತಿತ್ತು. ದೊಡ್ಡ ದೊಡ್ಡ ಕುರ್ಚಿಯವರು ತಮ್ಮ ಸುಟ್ಟ ಕಲೆಯನ್ನು ಕೆಳಗಿನವರ ಲೆಕ್ಕಕ್ಕೆ ಬರೆದು ಸಂಜೆ ಆರಾಮವಾಗಿ ಮನೆಗೆ ಹೋಗುವುದನ್ನು ದಿನಾ ನೋಡುತ್ತೇವೆ. ಈ ಮನುಷ್ಯ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು, ಕೇಳುವ ಮೊದಲೇ ಹೇಳಿಬಿಟ್ಟ.

ಮ್ಯಾನೇಜರ್ ಹುಬ್ಬು ಏರಿಸಿದ. “ಹಾಗಾದ್ರೆ ಇಪ್ಪತ್ತೆರಡು ವರ್ಷದ ಮಾತು ಸುಳ್ಳಾ?”

“ಇಪ್ಪತ್ತು ವರ್ಷ ನಿಜ ಸಾರ್. ಎರಡು ವರ್ಷ ಸುಳ್ಳು.”

ಸಪ್ಲೈಯರ್‌ಗಳು ಘೊಳ್ಳೆಂದರು. ಮ್ಯಾನೇಜರ್ ನಗಲಿಲ್ಲ. ಒಬ್ಬೊಬ್ಬರನ್ನೂ ಎದುರು ನಿಲ್ಲಿಸಿ ಕುತ್ತಿಗೆ ಗುಂಡಿ ಹಾಕಿಸಿದ. ಗೂಳಿಗೆ ಸರಿ, ಕೊಕ್ಕರೆಗೆ ಸರಿ. ಅವಳ ಕಣ್ಣು ಮಾತ್ರ ಗೋಡೆ ಗಡಿಯಾರದ ಮೇಲಿತ್ತು. ಎಂಟು ಗಂಟೆಯಾಯಿತು. ಊರಾಚೆ ಗೇಟು ಮುಚ್ಚಿತು. ಇಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.

ಸುಟ್ಟ ಅಂಗಿಯ ಹುಡುಗ ಬೆನ್ನು ತಿರುಗಿಸಿ ಹೂವಿನ ತೇಪೆ ತೋರಿಸುತ್ತಾ ಕುಣಿದ. “ಕಾಲರಕ್ಕಾ, ನಂಗೊಬ್ಬನಿಗೇ ಯಾಕೆ ಹೂವು?” ಆ ಹೆಸರು ಹುಟ್ಟಿದ್ದು ಅಲ್ಲೇ.

“ಒಳಗೆ ಹಾಕ್ಕೊಳೋ, ಮಾಲೀಕರು ಬರ್ತಾರೆ!” ಅಂತ ಗದರಿದ ಮ್ಯಾನೇಜರ್. ಆಮೇಲೆ ಇಸ್ತ್ರಿಯಣ್ಣನ ಕಡೆ ತಿರುಗಿ, “ಈ ತಿಂಗಳ ಇಸ್ತ್ರಿ ಪುಕ್ಕಟೆ ಮಾಡು, ಬಿಟ್ಬಿಡೋಣ” ಅಂದ. ಅವಳಿಗೆ, “ಇನ್ನೊಂದು ಹೋಟೆಲಿನ ಗಂಟು ನಾಳೆ ಕಳಿಸ್ತೀನಿ. ಬಟ್ಟೆ ಕತ್ತರಿಸೋಕೂ ಬರುತ್ತೆ ಅಂತ ಮೊದಲೇ ಹೇಳಬಾರದಾ?”

“ಮೊದಲು ಬರ್ತಿರಲಿಲ್ಲ ಸಾರ್,” ಅಂದಳು.

ಅಂಗಡಿಗೆ ಮರಳುವಾಗ ಅವಳು ಏನೋ ಹೇಳಲು ಹೋದಳು. ಇಸ್ತ್ರಿಯಣ್ಣನಿಗೆ ಅಂಥ ಮಾತು ಕೇಳಿಸಿಕೊಳ್ಳುವ ಅಭ್ಯಾಸವಿರಲಿಲ್ಲ. ಅವನು ದಡದಡ ಮುಂದೆ ಹೋಗಿ ಬಾಗಿಲು ತೆರೆದು, ತನ್ನ ಬಟ್ಟೆ ರಾಶಿಯನ್ನು ಇನ್ನೊಂದು ಗೇಣು ಆಚೆ ಸರಿಸಿದ. “ಕತ್ತರಿಸೋಕೆ ಜಾಗ ಬೇಕಲ್ಲ,” ಅಂದ, ಅಷ್ಟೇ.

ಆಗಲೇ ಗಂಡನ ಫೋನು ಬಂತು. “ಗೇಟಿಗೆ ಹೋದ್ಯಾ?”

“ಇಲ್ಲ ಕಣ್ರೀ,” ಅಂದಳು. “ಸ್ವಂತದ್ದೊಂದು ಕತ್ತರಿ ತರೋಕೆ ಹೋಗ್ತಿದೀನಿ. ಅತ್ತೆಗೊಂದು ದಿಂಬಿನ ಚೀಲಾನೂ ಬೇಕು.”