ತಣ್ಣಗಾಗಿದ್ದಾಳೆ ಎಂದರೆ ಏನು?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಂಬುಲೆನ್ಸ್ ಕರೆ ಕೇಂದ್ರದ ಎರಡನೆಯ ಮಹಡಿಯಲ್ಲಿ ಒಬ್ಬ ಹೆಂಗಸು ಮರದ ಕುರ್ಚಿಯೊಂದನ್ನು ದರದರನೆ ಎಳೆದುಕೊಂಡು ಬರುತ್ತಿದ್ದಾರೆ. ಕುರ್ಚಿ ಭಾರದ್ದು. ನಡುನಡುವೆ ನಿಂತು, ತೋಳಿನಿಂದ ಹಣೆ ಒರೆಸಿಕೊಂಡು, ಮತ್ತೆ ಎಳೆಯುತ್ತಾರೆ. ರಾತ್ರಿ ಪಾಳಿ ಮುಗಿಸುವ ಆತುರದಲ್ಲಿರುವವರು ಸದ್ದು ಕೇಳಿ, ತಲೆ ಕೂಡ ಎತ್ತದೆ, “ಬಂತಪ್ಪ ಸಿಂಹಾಸನ” ಎನ್ನುತ್ತಾರೆ. “ಬಂತು, ಕಪ್ಪಕಾಣಿಕೆ ಎಲ್ಲಿ?” ಎಂದು ಇವರು ಕೇಳುತ್ತಾರೆ. ಯಾರೋ ಅರ್ಧ ಲೋಟ ಚಹಾ ಮುಂದೆ ಹಿಡಿಯುತ್ತಾರೆ.

ಇವರ ಪಾಳಿ ಶುರುವಾಗಲು ಇನ್ನೂ ಒಂದು ಗಂಟೆಯಿದೆ. ಕೇಂದ್ರದಲ್ಲಿ ಎಲ್ಲರೂ ಇವರನ್ನು ಕಿವಿಯಕ್ಕ ಎಂದೇ ಕರೆಯುತ್ತಾರೆ. ಸಂಬಳದ ಚೀಟಿಯ ಮೇಲಿನ ಹೆಸರು ಅವರಿಗೇ ಮರೆತಂತಿದೆ. ಮೂಲೆಯಲ್ಲಿ ಕುರ್ಚಿ ಹಾಕಿ, ಹೆಡ್‌ಫೋನನ್ನು ಒರೆಸಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ತುಟಿ ಅಲುಗುತ್ತದೆ. ಏನು ಬೇಡಿಕೊಳ್ಳುತ್ತೀರಿ ಎಂದರೆ, “ಕೇಳ್ಸಪ್ಪಾ ಅಂತೀನಿ, ಇನ್ನೇನು” ಎನ್ನುತ್ತಾರೆ.

ಆಮೇಲೆ ರಾತ್ರಿಯಿಡೀ ದಾಖಲಾಗಿ ಕಾಯುತ್ತಿರುವ ನೀಲಿ ಕರೆಗಳನ್ನು ಕೇಳತೊಡಗುತ್ತಾರೆ. ಮೂರನೆಯ ಕರೆಯಲ್ಲಿ ಒಬ್ಬ ಸೊಸೆಯ ದನಿ. ಮಾವ ಇವತ್ತು ಬಹಳ ಶಾಂತವಾಗಿದ್ದಾರೆ, ದಿನವೂ ಎಲ್ಲರನ್ನೂ ಬೈದುಕೊಂಡೇ ಏಳುವವರು ಇವತ್ತು ಬೈಯುತ್ತಲೇ ಇಲ್ಲ, ಸುಮ್ಮನೆ ಕೂತಿದ್ದಾರೆ, ತೊಂದರೆ ಕೊಟ್ಟೆ, ಕ್ಷಮಿಸಿ. ಕಿವಿಯಕ್ಕನ ಕೈ ಆಗಲೇ ಆ ಮನೆಗೆ ಫೋನು ಹಚ್ಚಿದೆ. “ಏನಮ್ಮಾ, ಮಾವನ ಬಾಯಿ ಒಂದು ಕಡೆಗೆ ಎಳ್ಕೊಂಡಿದೆಯಾ ನೋಡು. ಕೈ ಎತ್ತೋಕೆ ಹೇಳು. ಎರಡೂ ಕೈ.” “ಒಂದೇ ಕೈ ಎತ್ತಿದ್ರು” ಎನ್ನುತ್ತದೆ ಆ ಕಡೆಯ ದನಿ. ಆಮೇಲೆ ಅಳು. ನೀಲಿ ಬಣ್ಣ ಕೆಂಪಾಗುತ್ತದೆ, ಕೆಳಗೆ ವಾಹನವೊಂದು ಅರಚಿಕೊಂಡು ಹೊರಡುತ್ತದೆ.

ಈ ಬಣ್ಣಗಳ ಲೆಕ್ಕ ಹೀಗೆ. ಕರೆ ಬಂದರೆ ಮೊದಲು ಎತ್ತಿಕೊಳ್ಳುವುದು ಮನುಷ್ಯರಲ್ಲ, ಕೃತಕ ಬುದ್ಧಿಮತ್ತೆಯ ಯಂತ್ರ. ಅದು ಮಾತು ಕೇಳಿ, ದನಿಯ ಗಾಬರಿಯನ್ನು ಅಳೆದು, ಕರೆಗೆ ಬಣ್ಣ ಹಚ್ಚುತ್ತದೆ. ಕೆಂಪಾದರೆ ತಕ್ಷಣ ಮನುಷ್ಯರ ಕಿವಿಗೆ ಬರುತ್ತದೆ. ಹಳದಿಯಾದರೆ ಅದರ ಹಿಂದೆ. ನೀಲಿಯಾದರೆ ಇಂಪಾದ ಹೆಣ್ಣುದನಿಯೊಂದು, ನಿಮ್ಮ ಕರೆ ದಾಖಲಾಗಿದೆ, ದಯವಿಟ್ಟು ಕಾಯಿರಿ ಎನ್ನುತ್ತದೆ. ಕಾಯುವುದು ಎಷ್ಟು ಹೊತ್ತು ಎಂದು ಆ ದನಿ ಹೇಳುವುದಿಲ್ಲ; ಅದಕ್ಕೂ ಗೊತ್ತಿಲ್ಲ.

ಯಂತ್ರ ಬೇಡವೆಂದು ಕಿವಿಯಕ್ಕ ಯಾವತ್ತೂ ಹೇಳಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿ ಕೂತವರು. ಯಂತ್ರ ಬರುವ ಮೊದಲು ಕರೆಗಳು ರಿಂಗಾಗಿ ರಿಂಗಾಗಿ ತಾವೇ ಸಾಯುತ್ತಿದ್ದುದನ್ನು ಕಂಡವರು. ಪಾಳಿಗೆ ಇನ್ನೂರರ ಆಸುಪಾಸು ಕರೆ, ಅದರಲ್ಲಿ ಹಲ್ಲುನೋವು, ಕುಡುಕರ ತಮಾಷೆ, ದಾರಿ ಕೇಳುವವರು. “ಜಾಣ ಯಂತ್ರ ಅದು. ಕಿರುಚೋರನ್ನ ಬೇಗ ಹಿಡಿಯತ್ತೆ. ಮೆತ್ತಗೆ ಮಾತಾಡೋರ ಹತ್ರ ಸೋತುಹೋಗತ್ತೆ” ಎನ್ನುತ್ತಾರೆ.

ಮೆತ್ತಗೆ ಮಾತಾಡುವವರೇ ನಮ್ಮಲ್ಲಿ ಹೆಚ್ಚು ಎಂಬುದು ಆ ಯಂತ್ರವನ್ನು ಕೊಂಡವರಿಗೆ ತಿಳಿಯದ್ದಲ್ಲ. ಮನೆಯಲ್ಲಿ ಜೀವ ಹೋಗುವ ಹೊತ್ತಿನಲ್ಲಿ ಯಾರೂ ಸಾವೆಂಬ ಮಾತು ಆಡುವುದಿಲ್ಲ. ಆಡಿದರೆ ಅದೇ ನಿಜವಾದೀತು ಎಂಬ ಅಳುಕು. ಸುಮ್ಮನಾಗಿದ್ದಾರೆ, ಯಾಕೋ ಮಂಕಾಗಿದ್ದಾರೆ, ಕರೆದರೆ ಓಗೊಡುತ್ತಿಲ್ಲ ಎನ್ನುತ್ತೇವೆ. ದೇವರಿಗೆ ಹೀಗೆ ಮುಚ್ಚಿ ಹೇಳಿದರೂ ತಿಳಿಯುತ್ತದೆ. ಯಂತ್ರಕ್ಕೆ ಬಿಚ್ಚಿ ಹೇಳಬೇಕು, ಅದೂ ಕೂಗಿ ಹೇಳಬೇಕು.

ಹೀಗೆ ಮೆತ್ತಗೆ ಮಾತಾಡಿದವನೊಬ್ಬ ಬಡಗಿ. ಅವನು ಕೂಗಲಿಲ್ಲ. ಕೂಗುವ ಜಾಯಮಾನದವನೂ ಅಲ್ಲ. ಹೆಂಡತಿಗೆ ಕೆಲವು ದಿನಗಳಿಂದ ಜ್ವರ. ಒಂದು ಬೆಳಗಿನ ಜಾವ ಫೋನು ಮಾಡಿ, ಯಾರಿಗೂ ನಿದ್ದೆ ಕೆಡದಿರಲೆಂಬಂತೆ ಸಣ್ಣ ದನಿಯಲ್ಲಿ ಹೇಳಿದ: “ಜ್ವರ ಇಲ್ಲ ಈಗ. ಮೈ ತಣ್ಣಗಾಗಿದೆ. ಮಾತಾಡ್ಸಿದ್ರೆ ಮಾತಾಡ್ತಿಲ್ಲ, ತಣ್ಣಗೆ ಮಲ್ಗಿದಾಳೆ.” ಜ್ವರ ಇಳಿದಿದೆ, ರೋಗಿ ವಿಶ್ರಾಂತಿಯಲ್ಲಿದ್ದಾರೆ ಎಂದು ಯಂತ್ರ ಬರೆದುಕೊಂಡಿತು. ನೀಲಿ. ಕಾಯಿರಿ ಎಂದಿತು. ಹೇಳಿದ ಮಾತು ಕೇಳುವ ಮನುಷ್ಯ, ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಹೆಂಡತಿಯ ಪಾದ ತಿಕ್ಕುತ್ತ ಕಾದ.

ತಣ್ಣಗೆ ಎಂಬುದು ಹರಸುವ ಮಾತು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ತಾಯಂದಿರು ಹೇಳುತ್ತಾರೆ. ಅದೇ ಮಾತನ್ನು ಪಾದ ಮುಟ್ಟಿ ನೋಡಿದವನು ಹೇಳಿದಾಗ ಅರ್ಥ ಬೇರೆ. ಇದಕ್ಕೆ ಪಾಂಡಿತ್ಯ ಬೇಡ. ಮನೆಯಲ್ಲಿ ಒಂದು ಸಾವು ಕಂಡವರಿಗೆ ಸಾಕು. ಯಾರಾದರೂ ಒಬ್ಬರು ಕೇಳಿಸಿಕೊಂಡಿದ್ದರೆ ತಿಳಿಯುತ್ತಿತ್ತು. ಯಾರ ಕಿವಿಗೂ ಅದು ಬೀಳಲಿಲ್ಲ. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಕಿವಿಗೆ ರೆಪ್ಪೆ ಮಾಡಿಕೊಂಡವರು ನಾವು.

ಎಲ್ಲ ಮುಗಿದ ಮೇಲೆ ಅಲ್ಲಿಗೆ ಹೋದ ವಾಹನದ ಚಾಲಕ ಕಿವಿಯಕ್ಕನ ಗಂಡನೇ. ಮನೆಗೆ ಬಂದವರು ಊಟಕ್ಕೆ ಕೂತು, ತಟ್ಟೆ ಸರಿಸಿಬಿಟ್ಟರು. “ಬಂದ್ರಲ್ಲ, ದೊಡ್ಡ ಉಪಕಾರ ಅಂದ ಕಣೇ ಆ ಮನುಷ್ಯ. ನನಗೆ ಉಪಕಾರ ಅಂದ” ಎಂದಷ್ಟೇ ಹೇಳಿದರು. ಮರುದಿನ ಪಾಳಿಗೆ ಹೋದ ಕಿವಿಯಕ್ಕ ಆ ಕರೆಯನ್ನು ತೆಗೆಸಿ ಕೇಳಿದರು. ಎರಡನೆಯ ಸಲ ಕೇಳಲಿಲ್ಲ. ಅಂದಿನಿಂದ ಒಂದು ಗಂಟೆ ಮುಂಚೆ ಬರುವುದು ರೂಢಿಯಾಯಿತು.

ವಿಚಾರಣೆ ನಡೆಯಿತು. ಯಂತ್ರ ಮಾಡಿದ ಕಂಪನಿಯವರು, ಯಂತ್ರ ಸಲಹೆ ಮಾತ್ರ ಕೊಡುತ್ತದೆ, ತೀರ್ಮಾನ ಸಿಬ್ಬಂದಿಯದು ಎಂದರು. ನೀಲಿ ಕರೆ ತಮ್ಮ ತನಕ ಬರುವುದೇ ಇಲ್ಲ, ತೀರ್ಮಾನ ಎಲ್ಲಿಂದ ಮಾಡುವುದು ಎಂದರು ಸಿಬ್ಬಂದಿ. ಇಲಾಖೆ ಎರಡು ಕಡೆಗೂ ತಲೆದೂಗಿತು. ಪತ್ರಿಕೆಗಳಲ್ಲಿ ಸ್ವಲ್ಪ ಗದ್ದಲವಾದ ಮೇಲೆ, ಇಂಥ ಯಂತ್ರಗಳ ತಯಾರಿಕೆ ಮತ್ತು ಬಳಕೆಯ ಮೇಲೆ ಕಣ್ಣಿಡಲು ಸರ್ಕಾರ ಒಂದು ಸಲಹಾ ಸಮಿತಿ ಮಾಡಿತು. ನಿವೃತ್ತ ನ್ಯಾಯಾಧೀಶರು ಅಧ್ಯಕ್ಷರು. ಪ್ರಾಧ್ಯಾಪಕರು, ಅಧಿಕಾರಿಗಳು, ಕಂಪನಿಗಳ ಕಡೆಯವರು. ಯಂತ್ರದ ಜೊತೆ ಕೆಲಸ ಮಾಡುವವರ ಪರವಾಗಿ ಒಬ್ಬರು ಇರಲೇಬೇಕೆಂದು ನಿಯಮವಿತ್ತು. ಇಲ್ಲಿ ಜಗಳ ಆಡುವುದಕ್ಕಿಂತ ಅಲ್ಲೇ ಹೋಗಿ ಆಡಲಿ ಎಂದು ಮೇಲ್ವಿಚಾರಕರು ಕಿವಿಯಕ್ಕನ ಹೆಸರು ಕಳಿಸಿದರು. ಇದನ್ನು ಹೇಳಿ ಕಿವಿಯಕ್ಕ ಇಂದಿಗೂ ನಗುತ್ತಾರೆ. ಗಂಡ ಆ ದಿನದಿಂದ “ಮೇಡಂನೋರೆ, ಸರ್ಕಾರಕ್ಕೆ ಸಲಹೆ ಆಯ್ತಾ? ಬಡವನಿಗೂ ಸ್ವಲ್ಪ ಸಾರು ಬಡಿಸಿ” ಎಂದು ಶುರುಮಾಡಿದರು. ಮನೆಯಲ್ಲಿ ತಾನು ಕೂಗಿದರೆ ಮಾತ್ರ ಇವಳಿಗೆ ಕೇಳುವುದಿಲ್ಲ ಎಂಬುದು ಅವರ ಹಳೆಯ ದೂರು.

ಸಮಿತಿಯ ಕೋಣೆಯಲ್ಲಿ ನೆಲಕ್ಕೆಲ್ಲ ದಪ್ಪ ಜಮಖಾನ. ಹೆಜ್ಜೆ ಸದ್ದು ಕೂಡ ಕೇಳದು. ಕಿವಿಯಕ್ಕ ಪಾಳಿ ಮುಗಿಸಿ, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದರು. ಹಲವು ಸಭೆಗಳಲ್ಲಿ ಉಳಿದವರ ಮಾತು ಕೇಳುತ್ತ ಕೂತರು; ಒಮ್ಮೆ ನಿದ್ದೆ ಹೋಗಿಬಿಟ್ಟಿದ್ದರಂತೆ, ಪಕ್ಕದ ಪ್ರಾಧ್ಯಾಪಕಿ ಮೆಲ್ಲಗೆ ತಿವಿದು ಎಬ್ಬಿಸಿದರು. ನೀಲಿ ಕರೆಯ ಸರದಿ ಬಂದಾಗ ಮಾತ್ರ ಎಚ್ಚರವಾಗಿದ್ದರು. ಕಂಪನಿಯವನು ಪರದೆಯ ಮೇಲೆ ಅಂಕಿ ತೋರಿಸಿ, ನೂರಕ್ಕೆ ತೊಂಬತ್ತೇಳು ಸಲ ಯಂತ್ರ ಸರಿ ಎಂದ. “ಉಳಿದ ಮೂರು ಯಾರ ಮನೇದು?” ಎಂದು ಇವರು ಕೇಳಿದರು. ಮನುಷ್ಯರೂ ತಪ್ಪುತ್ತಾರಲ್ಲ ಎಂದ ಅವನು. ಅದೂ ಸುಳ್ಳಲ್ಲ. ಹೊಟ್ಟೆ ತುಂಬ ಉಂಡು ಮಲಗಿದವನೊಬ್ಬನ ಮನೆಗೆ ಕಿವಿಯಕ್ಕನೇ ವಾಹನ ಓಡಿಸಿದ್ದುಂಟು. ಎಬ್ಬಿಸಿದ್ದಕ್ಕೆ ಅವನು ಚಾಲಕನ ಮೇಲೆ ಹರಿಹಾಯ್ದಿದ್ದ. ಇದನ್ನು ಸಭೆಯಲ್ಲಿ ಅವರೇ ಒಪ್ಪಿಕೊಂಡರು. ನಾನು ತಪ್ಪಿದರೆ ನನ್ನನ್ನು ಹಿಡಿದು ಕೇಳುವವರಿದ್ದಾರೆ, ಅಷ್ಟೇ ವ್ಯತ್ಯಾಸ ಎಂದರು.

ಅಧ್ಯಕ್ಷರು ಸಜ್ಜನರು. ಸಮಾಧಾನದಿಂದ, “ನೋಡಮ್ಮ, ನಮ್ಮದು ಸಲಹೆ ಅಷ್ಟೆ. ಒಪ್ಪೋದು ಬಿಡೋದು ಸರ್ಕಾರದ್ದು” ಎಂದರು.

ಕಿವಿಯಕ್ಕ ಎದ್ದು ನಿಂತರು. ಆ ಕೋಣೆಯಲ್ಲಿ ಎದ್ದು ನಿಂತು ಮಾತಾಡುವ ಪದ್ಧತಿ ಇಲ್ಲ. “ಯಂತ್ರ ಕೊಟ್ಟಿದ್ದೂ ಸಲಹೆ ಅಂತೀರಿ. ನಾವು ಕೊಡೋದೂ ಸಲಹೆ ಅಂತೀರಿ. ಹಾಗಾದ್ರೆ ಆ ಹೆಂಗಸು ಸತ್ತಿದ್ದು ಯಾರ ಮಾತಿನ ಮೇಲೆ ಸಾರ್?”

ಆ ಮಾತಿಗೆ ಸಭೆಯವರ ಮನಸ್ಸು ಕರಗಿತು. ಯಂತ್ರ ಯಾವ ಬಣ್ಣ ಹಚ್ಚಿದರೂ ಪ್ರತಿ ಕರೆಯನ್ನೂ ಮನುಷ್ಯರೊಬ್ಬರು ಕೇಳಿಸಿಕೊಳ್ಳಲೇಬೇಕು ಎಂದು ಎಲ್ಲರೂ ಒಪ್ಪಿದರು. ಕಿವಿಯಕ್ಕ ಆ ಸಂಜೆ ಬಸ್ಸಿನಲ್ಲಿ ಅತ್ತರಂತೆ, ಸಂತೋಷಕ್ಕೆ.

ಅಂತಿಮ ವರದಿ ಸಹಿಗೆ ಬಂದಾಗ ಆ ವಾಕ್ಯ ಮೈ ಬದಲಿಸಿತ್ತು. “ಸಾಧ್ಯವಾದೆಡೆ ಮನುಷ್ಯರು ಕರೆಗಳನ್ನು ಆಲಿಸುವುದು ಅಪೇಕ್ಷಣೀಯ.” ಕಿವಿಯಕ್ಕ ಬೆರಳಿಟ್ಟು ಎರಡು ಸಲ ಓದಿದರು. “ಅಪೇಕ್ಷಣೀಯ ಅಂದ್ರೆ ಬೇಕು ಅಂತಾನಾ, ಇದ್ರೆ ಆಗ್ಬಹುದು ಅಂತಾನಾ?” ಕಾರ್ಯದರ್ಶಿಗಳು, ಎರಡೂ ಹೌದು ಎಂದರು. ಕೇಳಿಸಿಕೊಳ್ಳಲೇಬೇಕು ಎಂಬಲ್ಲಿನ ಲೇಬೇಕು ಉಳಿಸಿದರೆ ಯಾವ ಇಲಾಖೆಯೂ ವರದಿಯನ್ನು ಮುಟ್ಟುವುದಿಲ್ಲ, ಸ್ವಲ್ಪ ಮೆದು ಮಾಡಿದ್ದೇವೆ ಎಂದರು. ಇವರು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಲೇಬೇಕು ಎಂಬುದು ಬಾರದೆ ಸಹಿ ಇಲ್ಲ ಎಂದು ಹಟ ಹಿಡಿದರು. ಕೊನೆಗೆ ವರದಿಯ ತುದಿಯಲ್ಲಿ ಸದಸ್ಯರೊಬ್ಬರ ಭಿನ್ನಾಭಿಪ್ರಾಯವಿದೆ ಎಂಬ ಒಂದು ಸಾಲು ಸೇರಿತು. ಏನು ಭಿನ್ನಾಭಿಪ್ರಾಯ ಎಂದು ಅಲ್ಲಿ ಬರೆದಿಲ್ಲ.

ಮಂತ್ರಿಗಳು ನಗುತ್ತ ವರದಿ ಸ್ವೀಕರಿಸಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಬಲಗಡೆಯ ಅಂಚಿನಲ್ಲಿ ಅರ್ಧ ಭುಜವೊಂದು ಕಾಣುತ್ತದೆ, ಅದು ಕಿವಿಯಕ್ಕನದು. ವರದಿ ಪರಿಶೀಲನೆಯಲ್ಲಿದೆ. ಕೇಳಿದವರಿಗೆಲ್ಲ ಅದೇ ಉತ್ತರ. ನಾಚಿಕೆ ಎಂಬುದು ಒಂದಿದ್ದರೆ ಆ ಮಾತನ್ನು ಹೇಳುವ ಬಾಯಿ ಒಮ್ಮೆಯಾದರೂ ತಡವರಿಸಬೇಕಿತ್ತು. ಒಂದು ಜೀವ ಕಾದು ಕಾದು ತಣ್ಣಗಾಯಿತು; ಅದರ ನೆಪದಲ್ಲಿ ಹುಟ್ಟಿದ ವರದಿಯೂ ಕಾದು ಕಾದು ತಣ್ಣಗಾಗಿದೆ. ಎರಡಕ್ಕೂ ಹೇಳಿದ್ದು ಒಂದೇ ಮಾತು, ದಯವಿಟ್ಟು ಕಾಯಿರಿ. ಇದನ್ನು ಕೇಳುವ ದೇವರೊಬ್ಬನಿದ್ದಾನೆ ಎಂದು ನಂಬಿದವರು ಸಮಾಧಾನ ತಂದುಕೊಳ್ಳಬಹುದು. ಆದರೆ ಅವನು ಕೇಳುವುದು ನಮ್ಮನ್ನೇ ಅಲ್ಲವೇ.

ಈ ಕುರ್ಚಿಯ ಕಥೆಯನ್ನೂ ಹೇಳಬೇಕು. ನೀಲಿ ಕರೆ ಕೇಳಲು ಒಬ್ಬರನ್ನು ಕೂರಿಸಿ ಎಂದು ಕಿವಿಯಕ್ಕ ಕೇಳಿದಾಗ, ನೀಲಿಗೆ ಕುರ್ಚಿ ಮಂಜೂರಾಗಿಲ್ಲ ಎಂದು ಮೇಲ್ವಿಚಾರಕರು ಹೇಳಿದ್ದರು. ಹುದ್ದೆ ಇಲ್ಲ ಎಂಬುದಕ್ಕೆ ಕಚೇರಿಯವರ ಮಾತು ಅದು. ಚಾಲಕ ಗಂಡ ಇದನ್ನು ಎಲ್ಲೋ ಆ ಬಡಗಿಯ ಮುಂದೆ ಆಡಿದರು. ಹೆಂಡತಿ ಹೋದ ಮೇಲೆ ಆತ ಉಳಿ ಮುಟ್ಟಿರಲಿಲ್ಲ. ಕುರ್ಚಿ ಇಲ್ಲ ಎಂದರೆ ಕುರ್ಚಿ ಇಲ್ಲ ಎಂದೇ ತಿಳಿದ ಆ ಮನುಷ್ಯ ಒಂದು ದಿನ ಗಾಡಿಯಲ್ಲಿ ಇದನ್ನು ಹೇರಿಕೊಂಡು ಬಂದ. “ಕುರ್ಚಿ ಇಲ್ದೆ ಕೇಳ್ಸ್ಕೊಳ್ಳೋಕೆ ಆಗ್ಲಿಲ್ಲವಂತೆ. ತಗೊಳ್ಳಿ ತಾಯಿ” ಎಂದ. ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಹುದ್ದೆಯ ವಿಷಯವನ್ನು ಅವನಿಗೆ ಬಿಡಿಸಿ ಹೇಳುವ ಧೈರ್ಯ ಇಂದಿನವರೆಗೆ ಯಾರೂ ಮಾಡಿಲ್ಲ. ಇಲಾಖೆಯ ಸಾಮಾನಲ್ಲವೆಂದು ಅದನ್ನು ಒಳಗೆ ಇಡಲು ಅನುಮತಿಯಿಲ್ಲ. ಹಗಲೆಲ್ಲ ಮೆಟ್ಟಿಲ ಬಳಿ ನಿಂತಿರುತ್ತದೆ, ಬೆಳಗ್ಗೆ ಒಂದೇ ಒಂದು ಗಂಟೆಯ ಮಟ್ಟಿಗೆ ಒಳಗೆ ಬರುತ್ತದೆ.

ಈಗ ಆ ಒಂದು ಗಂಟೆಗೂ ಕುತ್ತು ಬಂದಿದೆ. ಪಾಳಿಯ ಹೊರಗೆ ಯಾರೂ ಯಂತ್ರದ ವಿಂಗಡಣೆಯಲ್ಲಿ ಕೈ ಹಾಕಕೂಡದು ಎಂದು ಅಪ್ಪಣೆಯಾಗಿದೆ. ಬರುವ ಸೋಮವಾರದಿಂದ ಜಾರಿ. ಮೇಲ್ವಿಚಾರಕರು ಕೆಟ್ಟವರಲ್ಲ. ಮುಖ ಕೊಟ್ಟು ಮಾತಾಡಲಾಗದೆ, ಕಿಟಕಿ ನೋಡುತ್ತ ಹೇಳುತ್ತಾರೆ: “ಅಕ್ಕ, ನನ್ನ ತಲೆಗೆ ತರಬೇಡಿ. ನಿಮ್ಮ ಸಮಿತಿ ಹೇಳಿದ್ದು ಸಾಧ್ಯವಾದೆಡೆ ಅಂತ. ಮೇಲಿನವರು ಸಾಧ್ಯವಿಲ್ಲ ಅಂದಿದ್ದಾರೆ. ಎಲ್ಲ ನಿಯಮದ ಪ್ರಕಾರವೇ ಇದೆ.”

ಸಹಿ ಹಾಕದ ಆ ಪೆನ್ನು ಕಿವಿಯಕ್ಕನ ನೆನಪಿಗೆ ಬರುತ್ತದೆ. ತಾನು ಹೆದರಿದ್ದು ಸರಿಯಾಯಿತೆಂಬ ಸಂತೋಷ ಅವರಿಗಿಲ್ಲ. ಹೆಡ್‌ಫೋನು ತೆಗೆಯುತ್ತಾರೆ, ಎಡಗಿವಿಯ ಹಿಂದೆ ವರ್ಷಗಳ ಕಪ್ಪು ಗೆರೆ. ಆ ಕಿವಿ ಈಚೆಗೆ ಸ್ವಲ್ಪ ಮಂದವಾಗಿದೆಯಂತೆ. ಬೆಳಗ್ಗೆ ಕೆಳಗಿನಿಂದ ಹೊರಟ ವಾಹನ ಆ ಸೊಸೆಯ ಮಾವನನ್ನು ಆಸ್ಪತ್ರೆ ಸೇರಿಸಿದೆ, ಬದುಕಿದ್ದಾರೆ, ಈಗಾಗಲೇ ಒಂದು ಬೈಗುಳ ಉದುರಿದೆ ಎಂದು ಚಾಲಕ ಗಂಡ ಫೋನಿನಲ್ಲಿ ಹೇಳುತ್ತಾರೆ. ಇವರು ನಗುತ್ತಾರೆ, ಕಣ್ಣು ಒದ್ದೆಯಾಗುತ್ತದೆ.

ನಿಮಗೆ ಏನು ಬೇಕು ಎಂದು ಕೇಳಿದರೆ ದೊಡ್ಡದೇನೂ ಹೇಳುವುದಿಲ್ಲ. “ನಾನೇ ಕೂರ್ಬೇಕು ಅಂತಿಲ್ಲ. ಯಾರಾದ್ರೂ ಒಬ್ರು ಕೂರ್ಲಿ. ಲೇಬೇಕು ಅಂತ ಬರೆದು ಕೂರಿಸ್ಲಿ.”

ಸೋಮವಾರ ಏನು ಮಾಡುತ್ತೀರಿ?

ಕಿವಿಯಕ್ಕ ಕುರ್ಚಿಯ ತೋಳಿನ ಮೇಲೆ ಕೈಯಾಡಿಸುತ್ತಾರೆ. ಉಳಿಯ ಕೆಲಸ ನಯವಾಗಿದೆ, ಎಲ್ಲೂ ಒಂದು ಸಿಬಿರಿಲ್ಲ.

“ಬರ್ತೀನಿ. ಬೇಡ ಅನ್ನೋರು ಕುರ್ಚಿ ಸಮೇತ ಎತ್ತಿ ಆಚೆ ಇಡ್ಲಿ. ಗಟ್ಟಿ ಮರದ್ದು ಇದು. ಎತ್ತೋಕೆ ನಾಲ್ಕು ಜನ ಬೇಕಾಗತ್ತೆ.”